ನಾರು ಸ್ವರ್ಗಕ್ಕೆ ಹೋಯಿತು, ಕಟ್ಟಿದ ಕೈ?

ಹೂವಿಗೆ ಒಂದು ಗುಟ್ಟಿನ ಭಾಷೆ ಇದೆಯಂತೆ. ಕೆಂಪು ಗುಲಾಬಿ ಅಂದರೆ ಪ್ರೇಮವಂತೆ. ಬಿಳಿ ಹೂ ಅಂದರೆ ಶುದ್ಧ ಮನಸ್ಸಂತೆ. ಹಳದಿ ಅಂದರೆ ಸ್ನೇಹ ಅಂತ ಒಬ್ಬ ಹೇಳಿದರೆ ಹೊಟ್ಟೆಕಿಚ್ಚು ಅಂತ ಇನ್ನೊಬ್ಬ ಹೇಳುತ್ತಾನೆ. 1819ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೆಟ್ ದ ಲಾತೂರ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಒಂದು ಪುಸ್ತಕ ಅಚ್ಚಾಯಿತು. ಆಮೇಲೆ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತನ್ನು ಹೂವಿನ ಗೊಂಚಲಲ್ಲಿ ಕಟ್ಟಿ ಕಳಿಸುವುದು ಒಂದು ಷೋಕಿಯಾಯಿತು.

ನಮ್ಮ ಪಂಡಿತರೇನು ಕಡಿಮೆಯೆ? ಅವರು ಮನ್ಮಥನ ಕೈಗೆ ಐದು ಹೂಬಾಣ ಕೊಟ್ಟರು: ತಾವರೆ, ಅಶೋಕ, ಮಾವು, ಮಲ್ಲಿಗೆ, ನೈದಿಲೆ. ಸುಂದರಿ ಗೆಜ್ಜೆಗಾಲಲ್ಲಿ ಒದ್ದರೆ ಅಶೋಕ ಅರಳುತ್ತದೆ ಅಂದರು. ಬಾಯ್ತುಂಬ ಮದ್ಯ ಮುಕ್ಕಳಿಸಿ ಉಗಿದರೆ ಬಕುಳ ಅರಳುತ್ತದೆ ಅಂದರು. ಒದೆ ತಿಂದು, ಉಗಿಸಿಕೊಂಡು ಅರಳುವ ಮರಗಳ ಮೇಲೆ ಸಾವಿರ ವರ್ಷ ಕಾವ್ಯ ಕಟ್ಟಿದರು. ಅದೇ ಕಾಲದಲ್ಲಿ ಊರಾಚೆ ಒದೆ ತಿಂದು ಉಗಿಸಿಕೊಂಡ ಮನುಷ್ಯರೂ ಇದ್ದರು. ಅವರ ಮೇಲೆ ಯಾರೂ ಕಾವ್ಯ ಕಟ್ಟಲಿಲ್ಲ.

ಗೆಳೆಯರೇ, ನಾವು ಹೂವಿನ ಭಾಷೆಯನ್ನು ಪುಸ್ತಕದಲ್ಲಿ ಕಲಿತವರಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಿಂದ ಬಂದವರು. ನಮ್ಮ ಮನೆಗಳಲ್ಲಿ ಡಿಗ್ರಿ ಮುಟ್ಟಿದ ಮೊದಲ ಕೈ ನಮ್ಮದು. ಆ ಡಿಗ್ರಿಯ ಫೀಸಿನಲ್ಲಿ ಕನಕಾಂಬರ, ಸೇವಂತಿಗೆ, ಚೆಂಡು ಹೂ ಬಿಡಿಸಿದ ನಮ್ಮ ಅಮ್ಮಂದಿರ ಕೂಲಿಯಿದೆ. ಆದ್ದರಿಂದ ಹೂವಿನ ಭಾಷೆ ಗುಟ್ಟಿನದು ಅಂತ ಯಾರಾದರೂ ಹೇಳಿದರೆ ನಮಗೆ ನಗು ಬರುತ್ತದೆ. ಅದು ಗುಟ್ಟೇ ಅಲ್ಲ. ಎಲ್ಲಿಯೂ ಬರೆದಿಡದೆ ಊರಿಗೆಲ್ಲ ಬಾಯಿಪಾಠವಾಗಿರುವ ಕಾನೂನು ಅದು.

ಒಂದೊಂದಾಗಿ ಓದೋಣ.

ಹುಡುಗಿಗೆ ಹೂ ಮುಡಿಸಿದರೆ ಅವಳು ಇನ್ನೊಬ್ಬರ ಮನೆಯವಳು ಅಂತ ಅರ್ಥ. ಹೂ ಮುಡಿಸುವ ಶಾಸ್ತ್ರ ಮುಗಿದ ಮೇಲೆ ಅವಳ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಗಂಡ ಸತ್ತ ದಿನ ಅದೇ ತಲೆಯಿಂದ ಹೂ ಕಿತ್ತರೆ, ಇನ್ನು ಶುಭದಲ್ಲಿ ನೀನು ಎದುರಿಗೆ ಬರಬೇಡ ಅಂತ ಅರ್ಥ. ಚೆಂಡು ಹೂ ಬಾಗಿಲಿಗೆ, ಹೆಣಕ್ಕೆ, ಮಲ್ಲಿಗೆ ಮುಡಿಗೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆಗುತ್ತೆ, ಎಡಗಡೆಯಿಂದ ಬಿದ್ದರೆ ಆಗೋದಿಲ್ಲ. ಬೋರ್‌ವೆಲ್ ಕೊರೆಸುವವನು, ಮಗಳ ಮದುವೆ ಮಾಡುವವನು, ಎಲೆಕ್ಷನ್ನಿಗೆ ನಿಲ್ಲುವವನು ಎಲ್ಲರೂ ಹೋಗಿ ಹೂ ಕೇಳುತ್ತಾರೆ. ಎಡಕ್ಕೆ ಬಿದ್ದದ್ದು ಕೇಡು ಅಂತ ಊರು ನಂಬುತ್ತದೆ. ಎಡಗೈ, ಬಲಗೈ ಅಂತ ನಮ್ಮ ಕೇರಿಗಳನ್ನೇ ಒಡೆದಿಟ್ಟ ನಾಡಿನಲ್ಲಿ ಒಂದು ಹೂವಿಗೂ ನಡುವೆ ಬೀಳುವ ಹಕ್ಕಿಲ್ಲ.

ಕರಗದ ರಾತ್ರಿ ನೋಡಿ. ಕೋಲಾರದಲ್ಲೂ ಮಾಲೂರಿನಲ್ಲೂ ಹೂವಿನ ಕರಗ ಹೊರಡುತ್ತದೆ. ಕರಗ ಹೊರುವವನು ಗಂಡಸು. ಅವತ್ತು ಅವನು ದ್ರೌಪದಿ. ತಲೆಯಿಂದ ಹೆಗಲವರೆಗೆ ಮಲ್ಲಿಗೆ. ಊರೆಲ್ಲ ನಿದ್ದೆಗೆಟ್ಟು ಕೈಮುಗಿಯುತ್ತದೆ. ಆ ಭಕ್ತಿಯ ಮೇಲೆ ನಮಗೆ ಜಗಳವಿಲ್ಲ. ಹೂ, ತರಕಾರಿ ಬೆಳೆದು ಬದುಕಿದ ದುಡಿಯುವ ಜನರ ಹಬ್ಬ ಅದು. ನಾವು ಕೇಳುವುದು ಇಷ್ಟೇ. ಒಬ್ಬ ಗಂಡಸು ಒಂದು ರಾತ್ರಿ ಹೆಣ್ಣಾಗಿ ಮಣಗಟ್ಟಲೆ ಮಲ್ಲಿಗೆ ಹೊರಬಹುದು. ಅದೇ ಬೀದಿಯ ಅಂಚಿನಲ್ಲಿ ನಿಂತ ನಮ್ಮಮ್ಮ, ನಿಜವಾದ ಹೆಣ್ಣು, ಒಂದು ಗೇಣು ಹೂ ಮುಡಿಯಬಾರದು. ದಿನಾ ಮಾರುಗಟ್ಟಲೆ ಕಟ್ಟುವ ಕೈ ಅವಳದು. ಆ ಕೈ ತನ್ನ ತಲೆಯವರೆಗೆ ಹೋಗುವ ಹಾಗಿಲ್ಲ.

ಇದನ್ನು ಮೇಲಿನವರು ಬಂದು ಬಲವಂತ ಮಾಡಿದರು ಅಂತ ಹೇಳಿ ನಾವು ತಪ್ಪಿಸಿಕೊಳ್ಳಲಾರೆವು. ನಮ್ಮ ಅಜ್ಜಿಯರ ಕಾಲಕ್ಕೆ ಕೇರಿಯಲ್ಲಿ ಸೀರುಡಿಕೆ ಇತ್ತು. ಗಂಡ ಸತ್ತವಳು ಇನ್ನೊಬ್ಬನ ಸೀರೆ ಉಟ್ಟು ಮತ್ತೆ ಸಂಸಾರ ಹೂಡುತ್ತಿದ್ದಳು. ಅದನ್ನು ನಾಚಿಕೆ ಅಂತ ಬಿಡಿಸಿದವರು ಯಾರು? ಅಕ್ಷರ ಕಲಿತ ನಾವೇ. ಅಗ್ರಹಾರದ ಮರ್ಯಾದೆಯನ್ನು ಬಾಡಿಗೆಗೆ ತಂದು ಕೇರಿಯ ಹೆಂಗಸರ ತಲೆ ಬೋಳಾಗಿಸಿದವರು ನಾವೇ. ಬೈಗುಳ ಮೊದಲು ನಮಗೆ ಬೀಳಲಿ.

*

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುವ ಗಾದೆ ಇಸ್ಕೂಲಿನಲ್ಲಿ ನಾವೂ ಬರೆದಿದ್ದೇವೆ. ಸಜ್ಜನರ ಸಂಗ ಮಾಡಿದರೆ ಕೀಳಾದವನೂ ಮೇಲೇರುತ್ತಾನೆ ಅಂತ ವಿವರಣೆ. ಹತ್ತಕ್ಕೆ ಎಂಟು ಮಾರ್ಕ್ಸೂ ತೆಗೆದುಕೊಂಡಿದ್ದೇವೆ. ಈಗ ಆ ಗಾದೆಯನ್ನು ಮುಂದಕ್ಕೆ ಕೇಳುತ್ತೇವೆ. ನಾರು ಹೋಯಿತು, ಸರಿ. ಕಟ್ಟಿದ ಕೈ ಎಲ್ಲಿಗೆ ಹೋಯಿತು?

ಕಟ್ಟಿದ ಕೈಯ ಕತೆ ಹೀಗಿದೆ. ಕೋಳಿ ಕೂಗುವ ಮೊದಲೇ ಎದ್ದು ತೋಟಕ್ಕೆ ಹೋಗಬೇಕು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಬಿಡಿಸಬೇಕು, ಅರಳಿದರೆ ಅದಕ್ಕೆ ಬೆಲೆಯಿಲ್ಲ. ಇಬ್ಬನಿಯಲ್ಲಿ ಸೆರಗು ನೆನೆದು ಮೈಗೆ ಅಂಟುತ್ತದೆ. ಚೆಂಡು ಹೂವಿನ ಹಸಿರು ಕರೆ ಉಗುರಿನಲ್ಲಿ ಕೂತು ಸೋಪಿಗೂ ಬಿಡುವುದಿಲ್ಲ. ಮುದ್ದೆ ಮುರಿದರೆ ಮುದ್ದೆಗೂ ಅದೇ ವಾಸನೆ. ಹಿಂದಿನ ದಿನ ಹೊಡೆದ ಔಷಧಿ ಎಲೆಯ ಮೇಲೆ ಹಾಗೇ ಇರುತ್ತದೆ. ಬಿಡಿಸಿದ ಹೂ ತೂಕವಾಗಿ, ಚೀಲ ಸೇರಿ, ಟೆಂಪೋ ಹತ್ತಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಮಂಡಿಯವನ ಕಮಿಷನ್ನು, ಮಾರುವವಳ ಮೊಳ, ಆಮೇಲೆ ಗುಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಕೆಜಿಗೆ ಸಾವಿರ ದಾಟಿತು ಅಂತ ಪೇಪರಿನಲ್ಲಿ ಫೋಟೋ ಬರುತ್ತದೆ. ಬಿಡಿಸಿದವಳ ಕೂಲಿ ದಾಟಿತು ಅಂತ ಇದುವರೆಗೆ ಯಾವ ಪೇಪರಿನಲ್ಲೂ ಫೋಟೋ ಬಂದಿಲ್ಲ. ಲಕ್ಷ್ಮಿ ಬರುವ ದಿನ ಅವಳ ಮನೆಯಲ್ಲಿ ಮಿಕ್ಕಿದ್ದು, ಮಾರಾಟವಾಗದ ಮುರುಕಲು ಹೂ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಗುಡಿ ಮುಚ್ಚಿತು, ಮದುವೆ ನಿಂತಿತು, ಮಾರುಕಟ್ಟೆ ಮುಚ್ಚಿತು. ನಮ್ಮ ಕಡೆಯ ತೋಟಗಳಲ್ಲಿ ಹೂ ಗಿಡದಲ್ಲೇ ಕೊಳೆಯಿತು. ಕೆಲವರು ಟ್ರಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿದರು. ಮೇ ತಿಂಗಳಲ್ಲಿ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಕೊಡಲಿ, ಅವರೂ ಸಾಲದಲ್ಲಿ ಮುಳುಗಿದ್ದವರೇ. ಆ ಪಟ್ಟಿಯಲ್ಲಿ ಅಗಸರಿದ್ದರು, ಕ್ಷೌರಿಕರಿದ್ದರು, ನೇಕಾರರಿದ್ದರು, ಆಟೋ ಓಡಿಸುವವರಿದ್ದರು. ಹೂ ಬಿಡಿಸುವವಳು ಅಂತ ಒಂದು ಸಾಲು ಇರಲಿಲ್ಲ. ಪರಿಹಾರ ಪಹಣಿ ನೋಡಿ ಬರುತ್ತದೆ. ಅವಳಿಗೆ ಪಹಣಿ ಎಲ್ಲಿದೆ? ಹೂವಿನ ಭಾಷೆಯಲ್ಲಿ ಅವಳ ಹೆಸರಿಗೆ ಒಂದು ಅಕ್ಷರವೂ ಇಲ್ಲ.

*

ಇನ್ನು ಮಡಿಯ ಮಾತು. ಮುಡಿದ ಹೂ ದೇವರಿಗೆ ಆಗದು, ಮೂಸಿದ ಹೂ ಆಗದು, ನೆಲಕ್ಕೆ ಬಿದ್ದದ್ದು ಆಗದು. ಹೂ ಅಷ್ಟು ಸೂಕ್ಷ್ಮವಂತೆ, ಬೇಗ ಮೈಲಿಗೆಯಾಗುತ್ತದಂತೆ.

ಹಾಗಾದರೆ ಒಂದು ಲೆಕ್ಕ ಮಾಡಿ. 2018ರ ಜೂನಿನಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ. ಬೆಂಗಳೂರು ತೊಳೆದದ್ದು, ಬಳಿದದ್ದು, ಕಕ್ಕಸಿನಲ್ಲಿ ಬಿಟ್ಟದ್ದು ಎಲ್ಲ ಪೈಪಿನಲ್ಲಿ ಬಂದು ಕೆರೆಯಾಗಿ, ಕೆರೆಯಿಂದ ಭೂಮಿಗಿಳಿದು, ಬೋರ್‌ವೆಲ್ಲಿನಲ್ಲಿ ಮೇಲೆ ಬಂದು, ಹನಿ ನೀರಾವರಿಯ ಪೈಪಿನಲ್ಲಿ ಸೇವಂತಿಗೆಯ ಬೇರಿಗೆ ಹೋಗುತ್ತದೆ. ಆ ಸೇವಂತಿಗೆ ಮತ್ತೆ ಬೆಂಗಳೂರಿಗೆ ಹೋಗಿ ದೇವರ ಕೊರಳಿಗೆ ಬೀಳುತ್ತದೆ. ದೇವರು ಬೇಡ ಅಂದನೇ? ಪೂಜಾರಿ ಮೂಗು ಮುಚ್ಚಿದನೇ? ಇಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಬೀದಿಯಲ್ಲಿ ಕೂಗಿದವರು ನಮ್ಮ ಜಿಲ್ಲೆಯ ಹೋರಾಟಗಾರರು, ಮಡಿವಂತರಲ್ಲ.

ಒಂದು ಊರಿನ ಹೇಲು ನೀರು ಹೂವಾಗಿ ಗರ್ಭಗುಡಿ ಸೇರಬಹುದು. ಅದೇ ಹೂ ಬಿಡಿಸಿದ ಮನುಷ್ಯಳು ಹೊಸ್ತಿಲು ದಾಟಬಾರದು. ಹಾಗಾದರೆ ಮೈಲಿಗೆ ಇರುವುದು ನೀರಿನಲ್ಲೂ ಅಲ್ಲ, ಹೂವಿನಲ್ಲೂ ಅಲ್ಲ. ನಿಮ್ಮ ಕಣ್ಣಿನಲ್ಲಿ.

ನಾವು ಇದನ್ನು ಮೊದಲು ಕಲಿತದ್ದು ಇಸ್ಕೂಲಿನಲ್ಲಿ. ಶುಕ್ರವಾರ ಸರಸ್ವತಿ ಪೂಜೆ. ಎಲ್ಲರೂ ಹೂ ತನ್ನಿ ಅಂದರು ಮೇಷ್ಟ್ರು. ನಮ್ಮ ಮನೆಯಲ್ಲಿ ಹೂವಿಗೆ ಬರವೆ? ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಉಳಿದವರ ಹೂ ಪಟಕ್ಕೆ ಹೋಯಿತು. ನಮ್ಮದನ್ನು ಕಿಟಕಿಯ ಮೇಲೆ ಇಡಿಸಿದರು. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. "ಅಲ್ಲೇ ಇಡಪ್ಪ, ಆಮೇಲೆ ನೋಡೋಣ" ಅಂದರು, ಅಷ್ಟೆ. ಸಂಜೆ ಬೆಲ್ಲು ಹೊಡೆದಾಗ ಅದು ಅಲ್ಲೇ ಬಾಡಿತ್ತು. ಮನೆಗೆ ಬಂದಾಗ ಅಮ್ಮ ಕೇಳಿದಳು:

"ದೇವ್ರಿಗೆ ಇಟ್ಟಾ?"

"ಇಟ್ರಮ್ಮ."

ಆ ಸುಳ್ಳು ಹೇಳಿದ್ದು ಒಬ್ಬನೇ ಅಲ್ಲ. ಈ ನಾಲ್ಕು ತಾಲ್ಲೂಕಿನ ಗೆಳೆಯರು ಒಟ್ಟಿಗೆ ಕೂತು ಮಾತಾಡಿದಾಗ ಎಷ್ಟೋ ಬಾಯಿಂದ ಅದೇ ಕತೆ ಬಂತು. ಅದಕ್ಕೇ ಇಲ್ಲಿ ನಾವು ಅಂತ ಬರೆಯುತ್ತಿದ್ದೇವೆ. ಹಳ್ಳಿ ಮೇಷ್ಟರಾಗಿ ಈ ಪತ್ರಿಕೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಿಟಕಿಯ ಮೇಲೆ ಇವತ್ತು ಯಾವ ಮಗುವಿನ ಹೂ ಬಾಡುತ್ತಿದೆ ನೋಡಿ.

ಅದು ಹಳೇ ಕಾಲ, ಈಗೆಲ್ಲಿ ಅಂಥದ್ದು ಅನ್ನುವವರಿದ್ದಾರೆ. 2022ರ ಸೆಪ್ಟೆಂಬರ್ ಹಳೇ ಕಾಲವೇ? ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಜಾತ್ರೆ. ಮೆರವಣಿಗೆಯಲ್ಲಿ ಸಿಡಿರಣ್ಣ ದೇವರ ಕೋಲನ್ನು ನಮ್ಮ ಜನದ ಒಬ್ಬ ಹುಡುಗ ಮುಟ್ಟಿದ. ಅವನ ಮನೆಯವರಿಗೆ 60,000 ರೂಪಾಯಿ ದಂಡ. ಕಟ್ಟದಿದ್ದರೆ ಊರು ಬಿಡಿ ಅಂದರು. ಆ ತಾಯಿ ಮಾಡಿದ್ದೇನು? ಮನೆಯಲ್ಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರರ ಪಟ ಹಾಕಿದಳು. ಹೂವಿನ ಭಾಷೆಗೆ ನಮ್ಮ ಕಡೆಯಿಂದ ಸಿಕ್ಕ ದೊಡ್ಡ ಉತ್ತರ ಅದು. ಆ ತಾಯಿ ಡಿಗ್ರಿ ಓದಿದವಳಲ್ಲ.

*

ಪುರಾಣದಲ್ಲಿ ಕೇದಗೆಯ ಕತೆ ಇದೆ. ಲಿಂಗದ ತುದಿ ಕಂಡೆ ಅಂತ ಬ್ರಹ್ಮ ಸುಳ್ಳು ಹೇಳಿದ. ಹೌದು, ಕಂಡ ಅಂತ ಕೇದಗೆ ಸಾಕ್ಷಿ ನುಡಿಯಿತು. ಶಿವ ಶಾಪ ಕೊಟ್ಟ. ಅಂದಿನಿಂದ ಅದು ಶಿವಪೂಜೆಗಿಲ್ಲ. ಒಂದು ಸುಳ್ಳು ಸಾಕ್ಷಿಗೆ ಯುಗಯುಗದ ಬಹಿಷ್ಕಾರ.

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಯಾಕೆ ತಿರುಗುತ್ತಾರೆ ಅಂತ ಊರಿನ ನೀರು, ಊರಿನ ಕೂಲಿ, ಊರಿನ ದಾರಿ ನಂಬಿ ಬದುಕುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹೂ ಸುಳ್ಳು ಹೇಳಿದರೆ ಶಾಪ. ಏಳು ಹೆಣದ ಬೂದಿಗೆ ಯಾರೂ ಹೊಣೆಯಲ್ಲ. ಇದು ನಿಮ್ಮ ಧರ್ಮದ ಸಾಕ್ಷ್ಯ ಕಾಯಿದೆ.

*

ಸಾಹಿತ್ಯದ ಅಂಗಳಕ್ಕೂ ಬರೋಣ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲೇ. ಅವರ 'ವನಸುಮ'ವನ್ನು ನಮ್ಮ ಮಕ್ಕಳು ಪ್ರಾರ್ಥನೆಯಾಗಿ ಹಾಡುತ್ತಾರೆ. ಕಾಡಿನ ಹೂವಿನಂತೆ, ಯಾರ ಕಣ್ಣಿಗೂ ಬೀಳದೆ, ಹೊಗಳಿಕೆ ಬಯಸದೆ ಕಂಪು ಬೀರುವ ಬಾಳು ಕೊಡು ಎಂಬುದು ಅದರ ಬೇಡಿಕೆ. ಗುಂಡಪ್ಪನವರು ಹೆಸರಿಗೆ ಹಪಹಪಿಸಿದವರಲ್ಲ. ಅವರ ಬಾಯಲ್ಲಿ ಆ ಮಾತು ಪ್ರಾಮಾಣಿಕ, ಒಪ್ಪುತ್ತೇವೆ.

ಆದರೆ ಅದೇ ಪ್ರಾರ್ಥನೆಯನ್ನು ನಮ್ಮ ಕೇರಿಯ ಮಗುವಿನ ಬಾಯಿಗೆ ಹಾಕಿದಾಗ ಅರ್ಥ ತಲೆಕೆಳಗಾಗುತ್ತದೆ. ಕಾಣಿಸಿಕೊಳ್ಳುವ ಹಕ್ಕು ಇದ್ದವನು ನನ್ನನ್ನು ಯಾರೂ ಕಾಣದಿರಲಿ ಅಂದರೆ ಅದು ವಿನಯ. ಸಾವಿರಾರು ವರ್ಷ ಯಾರೂ ಕಾಣದ ಹಾಗೆ ಇಟ್ಟವರ ಮಗು ಅದನ್ನೇ ಬೇಡಿಕೊಂಡರೆ ಏನನ್ನಬೇಕು? ನಮ್ಮ ಅಜ್ಜ ಕಾಣದೆ ದುಡಿದ, ನಮ್ಮ ಅಜ್ಜಿ ಕಾಣದೆ ಸತ್ತಳು. ವನಸುಮ ಆಗಿ ಆಗಿ ಸಾಕಾಗಿದೆ ನಮಗೆ. ನಮ್ಮ ಮಕ್ಕಳು ಬೀದಿಯ ನಡುವೆ, ನಡು ಮಧ್ಯಾಹ್ನ, ಎಲ್ಲರೂ ತಿರುಗಿ ನೋಡುವ ಹಾಗೆ ಅರಳಬೇಕು.

ಶ್ರೀನಿವಾಸಪುರದ ಮಾವಿನ ಹೂವನ್ನೂ ಹೀಗೇ ತಿರುಗಿಸಿ ಓದಬೇಕು. ಮನ್ಮಥನಿಗೆ ಅದು ಬಾಣ, ಕವಿಗೆ ಕೋಗಿಲೆಯ ನೆಪ. ನಮ್ಮ ಕಡೆ ತೋಟಗಳು ಕೈ ಬದಲಾಗುವುದೇ ಹೂ ನೋಡಿ. ಹೂ ಬಿಟ್ಟ ಮರ ಎಣಿಸಿ ವ್ಯಾಪಾರಿ ಗುತ್ತಿಗೆ ಹಿಡಿಯುತ್ತಾನೆ. ಜಿಗಿಹುಳು, ಬೂದಿ ರೋಗ ಬಂದರೆ ಹೂ ಉದುರುತ್ತದೆ, ಲೆಕ್ಕ ಮುಳುಗುತ್ತದೆ. ಆಗ ಮುಖಕ್ಕೆ ಒಂದು ಟವೆಲ್ಲು ಕಟ್ಟಿ ಮರಕ್ಕೆ ಔಷಧಿ ಹೊಡೆಯುವವನು ನಮ್ಮಣ್ಣ. ಸಂಜೆ ಅವನ ಕಣ್ಣು ಕೆಂಡ. ವಿರಹದ ಕಣ್ಣೀರಲ್ಲ ಸ್ವಾಮಿ ಅದು.

*

ಹೂವಿನ ಇನ್ನೊಂದು ಭಾಷೆ ಇದೆ: ಕಿವಿ ಮೇಲೆ ಹೂ ಇಡೋದು. 2023ರ ಫೆಬ್ರವರಿ 17ರಂದು, ಬಜೆಟ್ಟಿನ ದಿನ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸಿನವರು ಕಿವಿ ಮೇಲೆ ಹೂ ಇಟ್ಟುಕೊಂಡೇ ವಿಧಾನಸಭೆಗೆ ಬಂದರು. ಸರ್ಕಾರ ಜನರ ಕಿವಿಗೆ ಹೂ ಇಟ್ಟಿದೆ ಅಂತ ಅದರ ಅರ್ಥ. ಚೆನ್ನಾಗಿತ್ತು, ನಾವೂ ನಕ್ಕೆವು. ಮೇ ತಿಂಗಳಲ್ಲಿ ಅವರದೇ ಸರ್ಕಾರ ಬಂತು. 2013ರ ಕಾಯಿದೆಯಲ್ಲಿ ಪರಿಶಿಷ್ಟರಿಗೆಂದು ತೆಗೆದಿಟ್ಟ ಹಣದ ದೊಡ್ಡ ಪಾಲು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ನೀವೂ ಇದ್ದೀರಲ್ಲ ಅಂದರು. ಅವರ ಕಿವಿಯಿಂದ ಇಳಿದ ಹೂ ಯಾರ ಕಿವಿಗೆ ಬಂತು ಅಂತ ಕನ್ನಡಿ ನೋಡಿಕೊಳ್ಳುವ ಕೆಲಸ ನಮ್ಮದು.

ನಮ್ಮ ಕಿವಿಗೆ ನಾವೇ ಇಟ್ಟುಕೊಂಡ ಹೂವೂ ಇದೆ. ಏಪ್ರಿಲ್ 14 ಬಂತೆಂದರೆ ಆಳೆತ್ತರದ ಹಾರ, ಕ್ರೇನಿನಲ್ಲಿ ಎತ್ತಿ ಬಾಬಾಸಾಹೇಬರ ಕೊರಳಿಗೆ. ಹಾರ ತಂದವನು ಯಾರು? ನಮ್ಮ ಕೇರಿಗೆ ಸ್ಮಶಾನದ ಜಾಗ ಕೊಡದವನು. ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಯಾರು? ನಾವು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೇ ಇದನ್ನು: ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಆಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಅಂತ. ಅವರ ಬೆರಳು ತೋರಿಸುವ ದಿಕ್ಕು ಹಾರದಲ್ಲಿ ಮುಚ್ಚಿಹೋಗುವಷ್ಟು ಹೂ ಹಾಕುತ್ತಿದ್ದೇವೆ.

ಜೋತಿಬಾ ಫುಲೆಯವರನ್ನು ನೆನೆಯೋಣ. ಫುಲೆ ಅಂದರೆ ಹೂವಿನವರು. ಪೇಶ್ವೆಗಳಿಗೆ ಹೂ ಒದಗಿಸುತ್ತಿದ್ದ ಮನೆತನಕ್ಕೆ ಬಂದ ಹೆಸರು ಅದು. ಅರಮನೆಗೆ ಹೂ ಹೊತ್ತವರ ಮೊಮ್ಮಗ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ. ಸಾವಿತ್ರಿಬಾಯಿ ಪಾಠ ಹೇಳಲು ಹೊರಟರೆ ಬೀದಿಯವರು ಸೆಗಣಿ, ಕಲ್ಲು ಎಸೆದರು. ಅವರು 1854ರಲ್ಲಿ ತಮ್ಮ ಪದ್ಯಗಳನ್ನು 'ಕಾವ್ಯಫುಲೆ' ಅಂತಲೇ ಅಚ್ಚು ಹಾಕಿಸಿದರು. ಕುಲಕಸುಬಿನ ಹೂವನ್ನು ಅಕ್ಷರ ಮಾಡಿದವರು ಅವರು. ನಾವು ಅಕ್ಷರ ಕಲಿತು ಅದನ್ನು ಮತ್ತೆ ಹಾರ ಮಾಡುತ್ತಿದ್ದೇವೆ.

ಹೂವಿನಂಥ ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇ, ಭೂಮಿ ಕೇಳಿ, ಕೂಲಿ ಕೇಳಿ ಅಂತ ಕೆಲವು ಕಾಮ್ರೇಡುಗಳು ಹೇಳುತ್ತಾರೆ. ಅದನ್ನೇ ಕೇಳುತ್ತಿದ್ದೇವಪ್ಪ. ಹೂ ಬೆಳೆದ ಭೂಮಿ ಯಾರದು, ಬಿಡಿಸಿದ ಕೂಲಿ ಎಷ್ಟು ಅಂತ ಕೇಳಿದ್ದೇ ತಪ್ಪಾಯಿತೆ? ಸಿಟ್ಟು ಹೂವಿನ ಮೇಲಲ್ಲ. ಹೂವಿಗೆ ಜಾತಿ ಗೊತ್ತಿಲ್ಲ. ಅದರ ಬಾಯಲ್ಲಿ ಜಾತಿ ಮಾತಾಡಿಸುವವರ ಮೇಲೆ.

ಅದಕ್ಕೇ ನಾವು ಇಷ್ಟು ಕೆಲಸ ಹಾಕಿಕೊಂಡಿದ್ದೇವೆ. ನೀವೂ ಹಾಕಿಕೊಳ್ಳಿ. ಮುಂದಿನ ಏಪ್ರಿಲ್ 14ಕ್ಕೆ ಹಾರ ಬೇಡ, ಹಾರದ ದುಡ್ಡಿಗೆ ನೋಟ್‌ಬುಕ್ಕು, ಪೆನ್ನು ತಂದು ಪಟದ ಮುಂದೆ ಇಡಿ; ಸಂಜೆ ಅದು ಕೇರಿಯ ಮಕ್ಕಳಿಗೆ ಹೋಗಲಿ. ಜನವರಿ 3, ಸಾವಿತ್ರಿಬಾಯಿ ಹುಟ್ಟಿದ ದಿನ, ಗಂಡ ಸತ್ತ ನಮ್ಮ ಅಮ್ಮಂದಿರನ್ನು, ಅಕ್ಕಂದಿರನ್ನು ಕೂರಿಸಿ ಕೇಳಿ. ಬೇಕು ಅಂದವರಿಗೆ ಕೇರಿಯ ಎಲ್ಲರ ಎದುರಿಗೆ ಹೂ ಕೊಡಿ, ಅವರೇ ಮುಡಿಯಲಿ. ಹೂ ಬಿಡಿಸುವವರ ಕೂಲಿ ಹಬ್ಬದ ಬೆಲೆಯ ಜೊತೆ ಏರಬೇಕು ಅಂತ ತೋಟದಲ್ಲೇ ನಿಂತು ಮಾತಾಡಿ, ಒಬ್ಬೊಬ್ಬರೇ ಅಲ್ಲ, ಗುಂಪಾಗಿ. ಮೇಷ್ಟರುಗಳೇ, ಕ್ಲಾಸಿಗೆ ಹೂ ತರಿಸಿದರೆ ಎಲ್ಲ ಮಕ್ಕಳದ್ದನ್ನೂ ಒಂದೇ ಬುಟ್ಟಿಗೆ ಸುರಿಯಿರಿ. ಕವಿ ಗೆಳೆಯರೇ, ಹೂವಿನಂಥ ಹೆಣ್ಣು ಅಂತ ಬರೆಯುವ ಮೊದಲು ಒಂದು ಬೆಳಗ್ಗೆ ಚೆಂಡು ಹೂ ಬಿಡಿಸಲು ಹೋಗಿ ಬನ್ನಿ.

ಕೊನೆಗೆ ನಮ್ಮ ಹೂ ಯಾವುದು ಅಂತ ಕೇಳಿದರೆ ಹೇಳುತ್ತೇವೆ: ತಂಗಡಿ. ಮಳೆ ಕೈಕೊಟ್ಟ ವರ್ಷವೂ ನಮ್ಮ ಗುಂಡುತೋಪಿನ ಅಂಚಿನಲ್ಲಿ, ಕಲ್ಲು ಗುಟ್ಟೆಯಲ್ಲಿ, ಸ್ಮಶಾನದ ದಾರಿಯಲ್ಲಿ ಹಳದಿಯಾಗಿ ನಿಂತಿರುತ್ತದೆ. ಮನ್ಮಥನ ಐದು ಬಾಣದಲ್ಲಿ ಅದಿಲ್ಲ. ನೆರೆಯ ತೆಲಂಗಾಣ ಅದನ್ನು ತನ್ನ ರಾಜ್ಯದ ಹೂ ಮಾಡಿಕೊಂಡಿದೆ. ಇಲ್ಲಿ ಅದು ದನವೂ ತಿನ್ನದ ಗಿಡ. ಆದರೆ ಅದರ ತೊಗಟೆ ಹಾಕಿಯೇ ನಮ್ಮ ತಾತಂದಿರು ಚರ್ಮ ಹದ ಮಾಡಿದರು. ಆ ಚರ್ಮದಲ್ಲಿ ಊರಿನ ಕಾಲಿಗೆ ಮೆಟ್ಟು ಹೊಲಿದರು, ಊರಿನ ಬಾವಿಗೆ ಕಪಿಲೆ ಹೊಲಿದರು.

ಹೂವಿನ ಅರ್ಥ ಇನ್ನು ಮೇಲೆ ನಾವು ಹೇಳುತ್ತೇವೆ. ಗುಟ್ಟಾಗಿ ಅಲ್ಲ, ತಮಟೆ ಕಾಯಿಸಿಕೊಂಡು.